ತಲೆಕಟ್ಟು ಹಾರಿಬಂದ ಕಾಲ

ತೊಂಬತ್ತರ ದಶಕದಲ್ಲಿ ಮದುವೆಯಾದವರ ಮನೆಯ ಅಟ್ಟದ ಮೇಲೋ ಬೀರುವಿನ ತಳದಲ್ಲೋ ಒಂದು ವಿಡಿಯೊ ಕ್ಯಾಸೆಟ್ ಇದ್ದೇ ಇರುತ್ತದೆ. ಓಡಿಸುವ ಯಂತ್ರ ಸಿಕ್ಕಿದರೆ ಪರದೆಯ ಮೇಲೆ ಮೊದಲು ಗಣಪತಿ ಬರುತ್ತಾನೆ, ಹಿಂದೆ ವಾಲಗ ಕೇಳುತ್ತದೆ. ಆಮೇಲೆ ಗುಲಾಬಿಯೊಂದು ಅರಳಿ, ಅದರ ನಡುವಿನಿಂದ ವಧೂವರರ ಹೆಸರುಗಳು ಗಿರಗಿರನೆ ತಿರುಗುತ್ತ ಬಂದು ಎದುರಿಗೆ ನಿಲ್ಲುತ್ತವೆ. ಹೆಸರು ಕನ್ನಡದವರದು, ಛತ್ರ ನಮ್ಮೂರಿನದು, ವಾಲಗದವರು ಪಕ್ಕದ ಬೀದಿಯವರು. ಅಕ್ಷರ ಮಾತ್ರ ಬಹುಪಾಲು ಇಂಗ್ಲಿಷಿನದು. ಎರಡು ಹೆಸರುಗಳ ನಡುವೆ ‘ವೆಡ್ಸ್’ ಎಂಬ ಪದ ಹೃದಯದ ಆಕಾರದೊಳಗೆ ಮಿನುಗುತ್ತದೆ.

ಲಗ್ನಪತ್ರಿಕೆಯನ್ನು ಕನ್ನಡದಲ್ಲೇ ಅಚ್ಚುಹಾಕಿಸಿದ ಮನೆಯವರು ವಿಡಿಯೊಗೆ ಬಂದಾಗ ಇಂಗ್ಲಿಷನ್ನು ಏಕೆ ಒಪ್ಪಿಕೊಂಡರು? ಇಂಗ್ಲಿಷ್ ವ್ಯಾಮೋಹ ಎಂದು ಹೇಳಿ ಮುಗಿಸುವುದು ಸುಲಭ. ಅದರಲ್ಲಿ ಒಂದಿಷ್ಟು ನಿಜವೂ ಇದೆ. ಆದರೆ ಮನೆಯ ಚಿತ್ರಗಳಿಗೆ ಟೈಟಲ್ ಬರೆಯುವ ಕೆಲಸ ಎಲ್ಲಿಂದ ಹೇಗೆ ಬೆಳೆದು ಬಂತು ಎಂದು ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ಅಕ್ಷರ ಕುಣಿಸುವ ತಂತ್ರಾಂಶಗಳಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ.

ಈ ಹವ್ಯಾಸಕ್ಕೆ ಕಂಪ್ಯೂಟರಿಗಿಂತ ಬಹಳ ಹೆಚ್ಚು ವಯಸ್ಸಾಗಿದೆ. ಕೊಡಕ್ ಕಂಪನಿ 1923ರಲ್ಲಿ 16 ಮಿಲಿಮೀಟರ್ ಫಿಲ್ಮನ್ನೂ 1932ರಲ್ಲಿ ಇನ್ನೂ ಅಗ್ಗದ 8 ಮಿಲಿಮೀಟರ್ ಫಿಲ್ಮನ್ನೂ ತಂದಾಗ ಅಮೆರಿಕದ ಅನುಕೂಲಸ್ಥ ಮನೆಗಳಿಗೆ ಚಲನಚಿತ್ರ ಕ್ಯಾಮೆರಾ ಬಂತು. 1926ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಎಂಜಿನಿಯರ್ ಮುಂದೆ ನಿಂತು ‘ಅಮೆಚೂರ್ ಸಿನಿಮಾ ಲೀಗ್’ ಕಟ್ಟಿದರು. ಆಗಿನ್ನೂ ಮೂಕಿಯ ಕಾಲ. ಮನೆಯ ಚಿತ್ರಕ್ಕೂ ಮಾತಿನ ಜಾಗದಲ್ಲಿ ಬರಹ ಬೇಕಿತ್ತು. ಅದಕ್ಕಾಗಿ ಕೊಡಕ್ ‘ಟೈಟ್ಲರ್’ ಎಂಬ ಪುಟ್ಟ ಚೌಕಟ್ಟು ಮಾರಿತು. ಒಂದು ತುದಿಯಲ್ಲಿ ಕ್ಯಾಮೆರಾ, ಇನ್ನೊಂದು ತುದಿಯಲ್ಲಿ ಬೆರಳಚ್ಚು ಯಂತ್ರದಲ್ಲಿ ಬರೆದ ಕಾರ್ಡು, ನಡುವೆ ಅಳತೆಮಾಡಿ ಇಟ್ಟ ದೂರ.

ಸುಮ್ಮನೆ ನಿಂತ ಅಕ್ಷರ ಸಾಲದು, ಅದು ಚಲಿಸಬೇಕು ಎಂಬ ಆಸೆಯೂ ಆಗಲೇ ಹುಟ್ಟಿತ್ತು. ಮೇಜಿನ ಮೇಲೆ ಒಂದೊಂದೇ ಅಕ್ಷರ ಇಟ್ಟು, ಒಂದೆರಡು ಫ್ರೇಮ್ ಹಿಡಿದು, ಇನ್ನೊಂದು ಅಕ್ಷರ ಇಟ್ಟು ಮತ್ತೆ ಹಿಡಿದರೆ ಹೆಸರು ತಾನಾಗಿ ಜೋಡಿಸಿಕೊಂಡಂತೆ ಕಾಣುತ್ತದೆ. ಕಡಲದಂಡೆಯ ಮರಳಿನಲ್ಲಿ ಬರೆದು ಅಲೆ ಬಂದು ಅಳಿಸುವವರೆಗೆ ಕ್ಯಾಮೆರಾ ಓಡಿಸಿದರೆ ‘ಮುಕ್ತಾಯ’ ಸಿದ್ಧ. ಎರಡೂ ಅಂಚಿನಲ್ಲಿ ರಂಧ್ರವಿದ್ದ 16 ಮಿಲಿಮೀಟರ್ ಫಿಲ್ಮಿನಲ್ಲಿ ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು, ತೊಳೆದ ಮೇಲೆ ಆ ತುಂಡನ್ನು ತಿರುಗಿಸಿ ಅಂಟಿಸಿದರೆ ಗಾಳಿಗೆ ಚೆದುರಿದ ಅಕ್ಷರಗಳು ಹಿಂದಕ್ಕೆ ಹಾರಿಬಂದು ಸಾಲುಗಟ್ಟುತ್ತಿದ್ದವು. ಇಂದು ಗುಂಡಿಯೊಂದನ್ನು ಒತ್ತಿದರೆ ಬರುವ ಹಲವು ಚಮತ್ಕಾರಗಳ ಮೂಲ ಇಂಥ ಮೇಜುಗಳ ಮೇಲಿದೆ.

ದೊಡ್ಡ ಸಿನಿಮಾ ಕೂಡ ಬಹುಕಾಲ ಕೈಯನ್ನೇ ನಂಬಿತ್ತು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಆರಂಭದಲ್ಲಿ ಹಳದಿ ಬರಹ ಆಕಾಶದ ಆಳಕ್ಕೆ ಜಾರಿಹೋಗುವುದನ್ನು ಕಂಡು ಅನೇಕರು ಅದನ್ನು ಕಂಪ್ಯೂಟರಿನ ಕೆಲಸ ಎಂದು ತಿಳಿದಿದ್ದಾರೆ. ಅದು ಸುಮಾರು ಎರಡು ಅಡಿ ಅಗಲ, ಆರು ಅಡಿ ಉದ್ದಕ್ಕೆ ನೆಲದ ಮೇಲೆ ಹಾಸಿದ ನಿಜವಾದ ಬರಹ. ಅದರ ಮೇಲೆ ಕ್ಯಾಮೆರಾ ಮೆಲ್ಲನೆ ಸಾಗಿತ್ತು. ಕಾಲು ಶತಮಾನದ ನಂತರ ಇದೇ ಓಟ ಮನೆಬಳಕೆಯ ತಂತ್ರಾಂಶದಲ್ಲಿ ಒಂದು ಹೆಸರಿನ ಆಯ್ಕೆಯಾಗಿ ಕುಳಿತಿತು.

ಭಾರತದ ಮನೆಗಳಿಗೆ ಈ ರುಚಿ ಹತ್ತಿದ್ದು ದೂರದರ್ಶನದಿಂದ. ಬೆಂಗಳೂರು ಕೇಂದ್ರ ಶುರುವಾದದ್ದು 1981ರಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಪ್ರಸಾರ ಬಂತು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಟೈಟಲಿನಲ್ಲಿ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಬಂದು ಹೋಗುತ್ತಿದ್ದುದನ್ನು ಆ ತಲೆಮಾರು ಮರೆತಿಲ್ಲ. ಕಥೆ ಶುರುವಾಗುವ ಮುನ್ನವೇ ಅದರ ಹದ ತಿಳಿಸುವ ಶಕ್ತಿ ಟೈಟಲಿಗಿದೆ ಎಂಬುದು ಜನಕ್ಕೆ ಹೀಗೆ ನೋಡಿ ನೋಡಿಯೇ ಗೊತ್ತಾಯಿತು.

ಅದೇ ದಶಕದಲ್ಲಿ ಕ್ಯಾಮೆರಾ ಮತ್ತು ರೆಕಾರ್ಡರು ಒಂದೇ ಪೆಟ್ಟಿಗೆಯೊಳಗೆ ಸೇರಿದವು. ಸೋನಿಯ ‘ಬೀಟಾಮೂವಿ’ 1983ರಲ್ಲಿ, ಜೆವಿಸಿಯ ಸಣ್ಣ ವಿಎಚ್‌ಎಸ್ ಕ್ಯಾಮೆರಾ 1984ರಲ್ಲಿ, ಸೋನಿಯ ‘ವಿಡಿಯೊ 8’ 1985ರಲ್ಲಿ ಬಂದವು. ಮುಂದಿನ ಹ್ಯಾಂಡಿಕ್ಯಾಮುಗಳಲ್ಲಿ ಟೈಟಲ್ ಎಂಬ ಗುಂಡಿಯೇ ಇತ್ತು. ಒತ್ತಿದರೆ ಮೊದಲೇ ಬರೆದಿಟ್ಟ ಮಾತುಗಳ ಪಟ್ಟಿ ತೆರೆಯುತ್ತಿತ್ತು: ಹಲೋ, ಹ್ಯಾಪಿ ಬರ್ತ್‌ಡೇ, ಕಂಗ್ರಾಜುಲೇಷನ್ಸ್, ಅವರ್ ಸ್ವೀಟ್ ಬೇಬಿ, ವೆಡ್ಡಿಂಗ್, ವೆಕೇಷನ್, ದಿ ಎಂಡ್. ಒಂದು ಕುಟುಂಬದ ಬದುಕಿನಲ್ಲಿ ಏನೇನು ನಡೆಯಬಹುದು ಎಂದು ಜಪಾನಿನ ಎಂಜಿನಿಯರುಗಳು ಊಹಿಸಿ ಬರೆದ ಪಟ್ಟಿ ಅದು. ಉಪನಯನ, ಸೀಮಂತ, ಗೃಹಪ್ರವೇಶ ಅದರಲ್ಲಿರಲು ಸಾಧ್ಯವಿರಲಿಲ್ಲ. ಸ್ವಂತ ಮಾತು ಬರೆಯುವುದಾದರೆ ಇಪ್ಪತ್ತು ಅಕ್ಷರಗಳವರೆಗೆ ಜಾಗ ಕೊಟ್ಟ ಕ್ಯಾಮೆರಾಗಳಿದ್ದವು, ಅದೂ ಇಂಗ್ಲಿಷ್ ಅಕ್ಷರಗಳಿಗೆ.

ಆದರೆ ಆ ಕಾಲದ ಕೆಲವು ಕ್ಯಾಮೆರಾಗಳಲ್ಲಿ ಇನ್ನೊಂದು ಸೌಲಭ್ಯವಿತ್ತು. ಈ ಕಥೆಯ ತಿರುವು ಇರುವುದೇ ಅದರಲ್ಲಿ. ಅದರ ಹೆಸರು ಡಿಜಿಟಲ್ ಸೂಪರ್‌ಇಂಪೋಸರ್. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ದಪ್ಪಗೆ ಬರೆದು ಕ್ಯಾಮೆರಾ ಮುಂದೆ ಹಿಡಿಯಬೇಕು. ಕ್ಯಾಮೆರಾ ಆ ಕಪ್ಪು ಆಕೃತಿಯನ್ನು ನೆನಪಿನಲ್ಲಿಟ್ಟುಕೊಂಡು, ಬೇಕೆನಿಸಿದಾಗ ಬೇಕಾದ ಬಣ್ಣದಲ್ಲಿ ಚಿತ್ರದ ಮೇಲೆ ಕೂರಿಸುತ್ತಿತ್ತು. ಹಾಳೆಯಲ್ಲಿದ್ದದ್ದು ಅಕ್ಷರವೋ ಅರಳಿ ಎಲೆಯೋ ರಂಗೋಲಿಯೋ ಅದಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ‘ಶ್ರೀ’ ಎಂದು ಬರೆದರೆ ‘ಶ್ರೀ’ ಎಂದೇ ಬರುತ್ತಿತ್ತು, ಒತ್ತು ದೀರ್ಘ ಎಲ್ಲವೂ ಅದರದರ ಜಾಗದಲ್ಲಿ. ಮದುವೆ ಸ್ಟುಡಿಯೊಗಳಿಗೆ ಬಂದ ಪ್ಯಾನಸಾನಿಕ್ ಮುಂತಾದ ಕಂಪನಿಗಳ ವಿಡಿಯೊ ಮಿಕ್ಸರುಗಳೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತಿದ್ದವು. ಒಂದು ಕ್ಯಾಮೆರಾವನ್ನು ಬರೆದ ಕಾರ್ಡಿನ ಕಡೆ ತಿರುಗಿಸಿದರೆ, ಕಪ್ಪನ್ನೋ ಬಿಳಿಯನ್ನೋ ಕತ್ತರಿಸಿ ತೆಗೆದು ಉಳಿದ ಅಕ್ಷರವನ್ನು ಮುಹೂರ್ತದ ದೃಶ್ಯದ ಮೇಲೆ ಹಾಯಿಸಬಹುದಿತ್ತು. ಅಕ್ಷರಜ್ಞಾನವಿಲ್ಲದ ಯಂತ್ರ ಕನ್ನಡವನ್ನು ತಪ್ಪಿಲ್ಲದೆ ತೋರಿಸಿತು. ಅಕ್ಷರಜ್ಞಾನ ಪಡೆದು ಬಂದ ಮುಂದಿನ ಯಂತ್ರಗಳೇ ಎಡವಿದವು.

ಅಷ್ಟೂ ಬೇಡವೆಂದವರಿಗೆ ಇನ್ನೂ ಸರಳ ದಾರಿಯಿತ್ತು. ವಿಡಿಯೊದವರು ಲಗ್ನಪತ್ರಿಕೆಯನ್ನೇ ಅರಿಶಿನ ಕುಂಕುಮದ ತಟ್ಟೆಯ ಪಕ್ಕದಲ್ಲಿಟ್ಟು ಹತ್ತಿರದಿಂದ ತೆಗೆಯುತ್ತಿದ್ದರು. ಇಲ್ಲವೇ ಛತ್ರದ ವೇದಿಕೆಯ ಹಿಂದೆ ಥರ್ಮೋಕೋಲಿನಲ್ಲಿ ಕತ್ತರಿಸಿ ಅಂಟಿಸಿದ ಹೆಸರುಗಳ ಮೇಲೆ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತಿದ್ದರು. ಅದೇ ಟೈಟಲ್.

ಅಕ್ಷರಜ್ಞಾನದ ಯಂತ್ರಗಳು ಹುಟ್ಟಿದ್ದು ಅಮೆರಿಕದ ಟಿವಿ ಕೇಂದ್ರಗಳಲ್ಲಿ. ಅರವತ್ತರ ದಶಕದ ಕೊನೆಗೆ ಸಿಬಿಎಸ್ ಪ್ರಯೋಗಾಲಯದಲ್ಲಿ ‘ವಿಡಿಫಾಂಟ್’ ರೂಪುಗೊಂಡಿತು. ಆಮೇಲೆ ಕೈರಾನ್ ಕಂಪನಿಯ ಯಂತ್ರಗಳು ಎಷ್ಟು ಹರಡಿದವೆಂದರೆ ಪರದೆಯ ಕೆಳಗಿನ ಬರಹಕ್ಕೆ ಅಲ್ಲಿ ಇಂದಿಗೂ ಕೈರಾನ್ ಎಂದೇ ಹೆಸರು. ಅವು ಮನೆಯವರ ಕೈಗೆ ಎಟಕುವ ಬೆಲೆಯವಲ್ಲ. ಆ ಗೋಡೆಗೆ ಮೊದಲು ಕನ್ನ ಕೊರೆದದ್ದು 1985ರಲ್ಲಿ ಬಂದ ಕಮೊಡೋರ್ ಅಮಿಗಾ ಕಂಪ್ಯೂಟರ್. ಅದರ ಚಿತ್ರವನ್ನು ‘ಜೆನ್‌ಲಾಕ್’ ಎಂಬ ಉಪಕರಣದ ಮೂಲಕ ವಿಡಿಯೊದ ಮೇಲೆ ನೇರವಾಗಿ ಕೂರಿಸಬಹುದಿತ್ತು. 1990ರ ಕೊನೆಗೆ ಕ್ಯಾನ್ಸಾಸ್‌ನ ಟೊಪೀಕಾ ಊರಿನ ನ್ಯೂಟೆಕ್ ಕಂಪನಿ ಅಮಿಗಾಕ್ಕಾಗಿ ‘ವಿಡಿಯೊ ಟೋಸ್ಟರ್’ ಕಾರ್ಡನ್ನು ಸುಮಾರು 1,600 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಮಿಕ್ಸರು, ಟೈಟಲ್ ಯಂತ್ರ, ಮೂರು ಆಯಾಮದ ಅನಿಮೇಷನ್ ಎಲ್ಲ ಅದರಲ್ಲೇ ಇದ್ದವು. ಸಣ್ಣ ಊರಿನ ಮದುವೆ ವಿಡಿಯೊದಲ್ಲೂ ಲೋಹದ ಹೊಳಪಿನ ಅಕ್ಷರಗಳು ಹಾರಾಡುವಂತಾದದ್ದು ಅಲ್ಲಿಂದ. ಆದರೆ ಟೋಸ್ಟರ್ ಕೆಲಸ ಮಾಡುತ್ತಿದ್ದದ್ದು ಅಮೆರಿಕದ 525 ಗೆರೆಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಮಾತ್ರ. ಭಾರತದ್ದು 625 ಗೆರೆಗಳ ಪಾಲ್ ಪದ್ಧತಿ. ಆ ಕ್ರಾಂತಿ ನೇರವಾಗಿ ನಮ್ಮ ಬಾಗಿಲಿಗೆ ಬರಲಿಲ್ಲ.

ಬಾಗಿಲಿಗೆ ಬಂದದ್ದು ಡಿಜಿಟಲ್ ಟೇಪು ಮತ್ತು ಪಿಸಿ. 1995ರಲ್ಲಿ ಡಿವಿ ಕ್ಯಾಸೆಟ್ಟೂ ಫೈರ್‌ವೈರ್ ತಂತಿಯೂ ಬಂದ ಮೇಲೆ ಚಿತ್ರ ಕೆಡದಂತೆ ಕಂಪ್ಯೂಟರಿಗೆ ಇಳಿಸಬಹುದಾಯಿತು. ಒಂದು ಗಂಟೆಯ ಟೇಪಿಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಆಗಿನ ಹಾರ್ಡ್‌ಡಿಸ್ಕಿಗೆ ಅದೇ ದೊಡ್ಡ ಹೊರೆ. ಆ್ಯಪಲ್ 1999ರಲ್ಲಿ ‘ಐಮೂವಿ’ ತಂದಿತು. ಮೈಕ್ರೊಸಾಫ್ಟಿನ ‘ಮೂವಿ ಮೇಕರ್’ 2000ದಲ್ಲಿ ಬಂತು. ಅದರ ಮೊದಲ ಆವೃತ್ತಿಯಲ್ಲಿ ಟೈಟಲ್ ಬರೆಯುವ ವ್ಯವಸ್ಥೆಯೇ ಇರಲಿಲ್ಲ. 2002ರ ಕೊನೆಗೆ ಬಂದ ಎರಡನೆಯ ಆವೃತ್ತಿ ಆ ಕೊರತೆಯನ್ನು ಧಾರಾಳವಾಗಿ ತುಂಬಿತು. ಟೈಪ್‌ರೈಟರ್, ನ್ಯೂಸ್‌ಪೇಪರ್, ಪೇಂಟ್ ಡ್ರಿಪ್, ಎಕ್ಸ್‌ಪ್ಲೋಡಿಂಗ್ ಔಟ್‌ಲೈನ್ ಮುಂತಾದ ಹತ್ತಾರು ಚಲನೆಗಳು ಬಂದವು. ಆಕಾಶದ ಆಳಕ್ಕೆ ಜಾರುವ ಆ ಹಳೆಯ ಓಟವೂ ಅವುಗಳಲ್ಲಿತ್ತು. ಸ್ಟುಡಿಯೊಗಳು ಪಿನಾಕಲ್ ಸ್ಟುಡಿಯೊ, ಯುಲೀಡ್, ಅಡೋಬಿ ಪ್ರೀಮಿಯರ್, ಜಪಾನಿನ ಕ್ಯಾನೊಪಸ್ ಕಂಪನಿಯ ಎಡಿಯಸ್ ಕಡೆ ಹೊರಳಿದವು. ಪಿನಾಕಲ್ 2000ದಲ್ಲಿ ಕೊಂಡ ‘ಹಾಲಿವುಡ್ ಎಫ್‌ಎಕ್ಸ್’ ಚಿತ್ರವನ್ನು ಪುಟದಂತೆ ಮಗುಚುತ್ತಿತ್ತು, ಚೆಂಡಿನಂತೆ ಉರುಳಿಸುತ್ತಿತ್ತು. ‘ಕೂಲ್ 3ಡಿ’ ಎಂಬ ಪುಟ್ಟ ತಂತ್ರಾಂಶ ಹೆಸರಿಗೆ ದಪ್ಪ ಕೊಟ್ಟು ಚಿನ್ನದ ಬಣ್ಣ ಬಳಿಯುತ್ತಿತ್ತು.

ಐದು ಸೆಕೆಂಡಿನ ಟೈಟಲ್ ಎಂದರೆ ಪಾಲ್ ಪದ್ಧತಿಯಲ್ಲಿ 125 ಫ್ರೇಮು. ಒಂದೊಂದನ್ನೂ ಕಂಪ್ಯೂಟರ್ ಲೆಕ್ಕಹಾಕಿ ಬರೆಯಬೇಕು. ಗುಂಡಿ ಒತ್ತಿ ಊಟಕ್ಕೆ ಹೋಗಿ ಬಂದರೂ ರೆಂಡರಿಂಗ್ ಪಟ್ಟಿ ಅರ್ಧಕ್ಕೇ ನಿಂತಿರುವುದು ಆ ಕಾಲದ ಎಡಿಟರುಗಳ ದಿನಚರಿ.

ಇಲ್ಲಿ ಕನ್ನಡದ ಕಷ್ಟ ಶುರುವಾಗುತ್ತದೆ. ಈ ತಂತ್ರಾಂಶಗಳ ತಿಳಿವಳಿಕೆಯಲ್ಲಿ ಒಂದು ಅಕ್ಷರ ಎಂದರೆ ಒಂದು ಆಕೃತಿ. ಅದರ ಪಕ್ಕದಲ್ಲಿ ಇನ್ನೊಂದು, ಅಷ್ಟೆ. ಕನ್ನಡದಲ್ಲಿ ಹಾಗಲ್ಲ. ಕಾಗುಣಿತ ಮೇಲೆ ಹತ್ತುತ್ತದೆ, ಒತ್ತು ಕೆಳಗೆ ಇಳಿಯುತ್ತದೆ, ಅರ್ಕಾವತ್ತು ಮೊದಲು ಉಚ್ಚರಿಸಿದರೂ ಕೊನೆಗೆ ಬಂದು ಕೂರುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಆಗಲೇ ಒಳ್ಳೆಯ ದಾರಿಗಳಿದ್ದವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ‘ನುಡಿ’ ತಂದಿತು. ಡಿಟಿಪಿ ಅಂಗಡಿಗಳಲ್ಲಿ ಪುಣೆಯ ‘ಶ್ರೀಲಿಪಿ’, ಬೆಂಗಳೂರಿನ ‘ಆಕೃತಿ’ ಓಡಾಡುತ್ತಿದ್ದವು. ಈ ಫಾಂಟುಗಳ ಜಾಣ್ಮೆ ಏನೆಂದರೆ ಕನ್ನಡದ ಅಕ್ಷರವನ್ನು ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕೂರಿಸಿದ್ದು.

ನುಡಿಯಲ್ಲಿ ‘ಕನ್ನಡ’ ಎಂದು ಬರೆದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇದು ಗೊತ್ತು. ಪರದೆಯ ಮೇಲೆ ಸಾಲಾಗಿ ಕಾಣುವುದು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಂದು ಎ. ಒಟ್ಟು ಏಳು ತುಂಡು. ಪಿ ಮನೆಯಲ್ಲಿರುವುದು ತಲೆಕಟ್ಟಿಲ್ಲದ ಕಕಾರ. ಓರೆಗೀಟಿನ ಎ ಎಂದರೆ ತಲೆಕಟ್ಟು. ಪೌಂಡ್ ಗುರುತು ನಕಾರದ ಒಡಲು, ಜರ್ಮನ್ ಎಸ್ ಅದರ ಒತ್ತು. ಪಕ್ಕಪಕ್ಕ ಇಟ್ಟಾಗ ಅವು ಬೆಸೆದುಕೊಂಡು ಕನ್ನಡವಾಗುತ್ತವೆ. ಕಾಗದದ ಮೇಲೆ ಅಚ್ಚುಹಾಕಲು ಇದು ಸಾಕು.

ಆದರೆ ಟೈಟಲಿಗೆ ಟೈಪ್‌ರೈಟರ್ ಚಲನೆ ಕೊಟ್ಟು ನೋಡಿ. ಮೊದಲು ತಲೆಕಟ್ಟಿಲ್ಲದ ಬೋಳು ಕಕಾರ ಬಂದು ನಿಲ್ಲುತ್ತದೆ. ಒಂದು ಕ್ಷಣ ಬಿಟ್ಟು ತಲೆಕಟ್ಟು ಹಾರಿಬಂದು ಅದರ ತಲೆಯ ಮೇಲೆ ಕೂರುತ್ತದೆ. ಆಮೇಲೆ ನಕಾರದ ಒಡಲು, ಅದರ ತಲೆಕಟ್ಟು, ಕೆಳಗಿನಿಂದ ಒತ್ತು. ಅಕ್ಷರಗಳು ಗಿರಕಿ ಹೊಡೆಯುವ ಚಲನೆ ಆರಿಸಿದರೆ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಸುತ್ತುತ್ತವೆ. ಅಂಚಿಗೆ ಗೆರೆ ಕೊಟ್ಟರೆ ತುಂಡುಗಳು ಸೇರುವ ಜಾಗದಲ್ಲೆಲ್ಲ ಬೆಸುಗೆಯ ಗುರುತು ಎದ್ದು ಕಾಣುತ್ತದೆ.

ಹಾಗಾಗಿ ಒಪ್ಪವಾಗಿ ಕೆಲಸ ಮಾಡಬೇಕೆಂದ ಎಡಿಟರುಗಳು ಸುತ್ತುದಾರಿ ಹಿಡಿದರು. ಹೆಸರನ್ನು ಕೋರೆಲ್‌ಡ್ರಾದಲ್ಲಿ ಬರೆದು, ಅಕ್ಷರವನ್ನು ಆಕೃತಿಯಾಗಿ ಮಾರ್ಪಡಿಸಿ, ‘ವೆಲ್ಡ್’ ಆಜ್ಞೆಯಿಂದ ತುಂಡುಗಳನ್ನು ನಿಜಕ್ಕೂ ಬೆಸೆದು, ಹಿನ್ನೆಲೆ ಪಾರದರ್ಶಕವಾಗಿರುವ ಚಿತ್ರವಾಗಿ ಉಳಿಸಿ ಎಡಿಟಿಂಗ್ ತಂತ್ರಾಂಶಕ್ಕೆ ತರುತ್ತಿದ್ದರು. ಅಂದರೆ ಸೂಪರ್‌ಇಂಪೋಸರಿನ ಹಳೆಯ ಉಪಾಯಕ್ಕೇ ಮರಳಿದ್ದರು: ಯಂತ್ರಕ್ಕೆ ಇದು ಅಕ್ಷರವೆಂದು ಹೇಳದಿರುವುದು. ಹೀಗೆ ಮಾಡಿದ ಹೆಸರು ಇಡಿಯಾಗಿ ಜಾರಬಹುದು, ಹಿಗ್ಗಬಹುದು, ಮಾಯವಾಗಬಹುದು. ಒಂದೊಂದೇ ಅಕ್ಷರವಾಗಿ ಕುಣಿಯಲಾರದು. ಅದಕ್ಕೆ ಪ್ರತಿ ಅಕ್ಷರವನ್ನೂ ಬೇರೆ ಚಿತ್ರ ಮಾಡಿ ಬೇರೆ ಪದರದಲ್ಲಿಡಬೇಕು. ಹತ್ತಾರು ಮದುವೆ ಕೈಯಲ್ಲಿರುವ ಲಗ್ನದ ತಿಂಗಳಲ್ಲಿ ಯಾರಿಗೆ ಅಷ್ಟು ಪುರಸೊತ್ತು? ಇಂಗ್ಲಿಷಿನಲ್ಲಿ ಹೆಸರು ಬರೆದರೆ ಕೆಲಸ ಐದು ನಿಮಿಷದ್ದು. ಕನ್ನಡದ ಮದುವೆಗಳಲ್ಲಿ ‘ವೆಡ್ಸ್’ ಗಟ್ಟಿಯಾಗಿ ನಿಂತದ್ದರಲ್ಲಿ ಈ ಐದು ನಿಮಿಷದ ಪಾಲು ದೊಡ್ಡದು.

ಟೇಪಿನ ಗುಣವೂ ಕನ್ನಡಕ್ಕೆ ಅನುಕೂಲವಾಗಿರಲಿಲ್ಲ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವ ಸೂಕ್ಷ್ಮತೆ ಸುಮಾರು 240 ಗೆರೆಗಳಷ್ಟು. ಪುಟ್ಟ ಒತ್ತಕ್ಷರ ಅದರಲ್ಲಿ ಮಸಿಯ ಚುಕ್ಕೆಯಾಗುತ್ತಿತ್ತು. ಬಣ್ಣದ ವಿವರವನ್ನಂತೂ ಇನ್ನೂ ಕಡಿಮೆ ಹಿಡಿಯುವುದರಿಂದ ಕುಂಕುಮದ ಕೆಂಪಿನಲ್ಲಿ ಬರೆದ ಹೆಸರು ಅಂಚು ಮೀರಿ ಹರಡುತ್ತಿತ್ತು. ಹಳೆಯ ಟಿವಿಗಳು ಚಿತ್ರದ ಅಂಚನ್ನು ಕತ್ತರಿಸುತ್ತಿದ್ದರಿಂದ ಕೊನೆಯ ಸಾಲಿನ ಒತ್ತುಗಳು ಚೌಕಟ್ಟಿನ ಹೊರಗೆ ಹೋಗುವ ಭಯವೂ ಇತ್ತು. ದಪ್ಪ ಹಳದಿ ಅಕ್ಷರಕ್ಕೆ ಕಪ್ಪು ಅಂಚು ಎಂಬ ಆ ಕಾಲದ ಸಂಪ್ರದಾಯವನ್ನು ಅಭಿರುಚಿಯ ಕೊರತೆ ಎಂದು ಹಳಿಯುವುದು ಸರಿಯಲ್ಲ. ಓದಲು ಬರುವಂತೆ ಬರೆಯಲು ಅನುಭವಸ್ಥರು ಕಂಡುಕೊಂಡ ದಾರಿ ಅದು.

ಯೂನಿಕೋಡ್ ಬಂದೊಡನೆ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಆ ಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನೂ ತಂದಿತು. ಆದರೆ ಯೂನಿಕೋಡಿನಲ್ಲಿ ‘ಕರ್ನಾಟಕ’ ಎಂದರೆ ಏಳು ಸಂಕೇತಗಳ ಸಾಲು: ಕ, ರ, ಹಲಂತ ಚಿಹ್ನೆ, ನ, ದೀರ್ಘ, ಟ, ಕ. ಇವನ್ನು ಕೂಡಿಸಿ ಅರ್ಕಾವತ್ತನ್ನು ಹಿಂದಕ್ಕೆ ಒಯ್ಯುವ ಕೆಲಸವನ್ನು ಬೇರೊಂದು ತಂತ್ರಾಂಶ ಮಾಡಬೇಕು. ಎಡಿಟಿಂಗ್ ತಂತ್ರಾಂಶಗಳು ಬಹುಕಾಲ ಆ ಸಹಾಯ ಪಡೆಯದೆ ಸಂಕೇತಗಳನ್ನು ಬಿಡಿಬಿಡಿಯಾಗಿ ಸುರಿದುಬಿಡುತ್ತಿದ್ದವು. ಅದಕ್ಕೇ ಅನೇಕ ಸ್ಟುಡಿಯೊಗಳು ಯೂನಿಕೋಡ್ ಬಿಟ್ಟು ತುಂಡು ತುಂಡಿನ ಹಳೆಯ ಫಾಂಟಿಗೇ ಅಂಟಿಕೊಂಡವು. ಅವರದು ಹಟವಲ್ಲ, ಆ ಫಾಂಟಿನಲ್ಲಿ ಅಕ್ಷರ ಸರಿಯಾಗಿ ಕಾಣುತ್ತಿತ್ತು.

ಈಚಿನ ವರ್ಷಗಳಲ್ಲಿ ಪ್ರೀಮಿಯರಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆಯೇ ಆಯ್ಕೆ ಬಂದಿದೆ. ಸೆಟ್ಟಿಂಗಿನಲ್ಲಿ ಅದನ್ನು ಆರಿಸಿಕೊಂಡರೆ ಒತ್ತು ಒತ್ತಾಗಿ ಕೂರುತ್ತದೆ. ಆದರೆ ದೊಡ್ಡ ಬದಲಾವಣೆ ಬಂದದ್ದು ಮೊಬೈಲಿನಿಂದ. 2012ರ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಗಳ ಫಾಂಟನ್ನು ಫೋನಿನೊಳಗೇ ತಂದಿತು. ಈಗ ಹಳ್ಳಿಯ ಹುಡುಗಿಯೊಬ್ಬಳು ಅಣ್ಣನ ಮದುವೆಯ ಕರೆಯೋಲೆಯನ್ನು ಬಸ್ಸಿನಲ್ಲಿ ಕೂತೇ ಫೋನಿನಲ್ಲಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾಳೆ. ‘ಶುಭವಿವಾಹ’ ಎಂಬ ಮಾತು ಹೊಂಬಣ್ಣದಲ್ಲಿ ಮೂಡಿ, ಮಲ್ಲಿಗೆಯ ಎಸಳುಗಳ ನಡುವೆ ಕರಗುತ್ತದೆ. ಸ್ಟುಡಿಯೊಗಳು ಮೂವತ್ತು ವರ್ಷ ಒದ್ದಾಡಿದ್ದು ಆಕೆಗೆ ತಿಳಿಯಬೇಕಾಗಿಲ್ಲ, ನಿಜ. ಆದರೂ ಆ ಒದ್ದಾಟ ಎಲ್ಲೂ ದಾಖಲಾಗಿಲ್ಲವೆಂಬುದು ನೋವಿನ ಸಂಗತಿ. ಕನ್ನಡ ಅಚ್ಚಿನ ಮೊಳೆಗಳ ಬಗ್ಗೆ ಬರೆದಷ್ಟು ಅಕ್ಕರೆಯಿಂದ ಕನ್ನಡ ವಿಡಿಯೊ ಟೈಟಲಿನ ಬಗ್ಗೆ ಯಾರೂ ಬರೆದಂತಿಲ್ಲ. ಫೋಟೊ ಸ್ಟುಡಿಯೊದ ಹಿಂಬದಿಯ ಕೋಣೆಯಲ್ಲಿ ರಾತ್ರಿಯಿಡೀ ಕೂತು ಒತ್ತಕ್ಷರ ಬೆಸೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಈಗಲೇ ಬರೆದುಕೊಳ್ಳಬೇಕು.

ಅವರ ಕೆಲಸವಿರುವ ಕ್ಯಾಸೆಟ್ಟುಗಳಿಗೆ ಮಾತ್ರ ಅಷ್ಟು ಆಯುಸ್ಸಿಲ್ಲ. ಮಲೆನಾಡು, ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ, ಕಾಂತದ ಪುಡಿ ಉದುರುತ್ತದೆ. ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಮನೆಯಲ್ಲಿರುವ ಕ್ಯಾಸೆಟ್ಟನ್ನು ಈ ವರ್ಷವೇ ಡಿಜಿಟಲ್ ಮಾಡಿಸಿ. ಮಾಡಿಸುವಾಗ ತಿರುಗುವ ಗುಲಾಬಿ, ಮಿನುಗುವ ಹೃದಯಗಳನ್ನು ಹಳತೆಂದು ಕತ್ತರಿಸಲು ಬಿಡಬೇಡಿ. ಅದರ ಮುಂದೆ ಹತ್ತು ಸೆಕೆಂಡಿನ ಹೊಸ ಟೈಟಲೊಂದನ್ನು ಸೇರಿಸಿ: ಯಾರ ಮದುವೆ, ಯಾವ ಊರು, ಯಾವ ದಿನ, ಚಿತ್ರ ತೆಗೆದವರು ಯಾರು. ಕನ್ನಡದಲ್ಲೇ ಬರೆಯಿರಿ, ಈಗ ಒತ್ತಕ್ಷರ ಒಡೆಯುವುದಿಲ್ಲ.